ತರಬೇತಿಯ ಪರೀಕ್ಷೆ ಬಾಣಂತಿಯ ಕೋಣೆಯಲ್ಲಿ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ದಂಪತಿಗಳಿಗಾಗಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಇಂದು ನಾನು ತಮ್ಮ ಮುಂದೆ ಇಡಬಯಸುವ ವಿಷಯವು ಮೊದಲ ನೋಟಕ್ಕೆ ತಮಗೆ ಸಂಬಂಧಪಟ್ಟದ್ದಲ್ಲವೆಂದು ತೋರಬಹುದು. ಆರೋಗ್ಯ ಇಲಾಖೆಯು ತನ್ನ ಕಾರ್ಯಕರ್ತರಿಗೆ ತರಬೇತಿ ನೀಡುತ್ತದೆ. ಆ ತರಬೇತಿಯಿಂದ ಇಲಾಖೆಯ ಕೆಲಸ ನಿಜವಾಗಿಯೂ ಸುಧಾರಿಸಿದೆಯೇ ಎಂಬುದನ್ನು ತೂಗಿ ನೋಡುವುದು ಹೇಗೆ ಎಂಬುದೇ ಆ ವಿಷಯ. ಇದು ಮೇಲಧಿಕಾರಿಗಳ ಚಿಂತೆಯಲ್ಲವೇ, ಗದ್ದೆ ಕೆಲಸ ಬಿಟ್ಟು ನಾವೇಕೆ ಕೇಳಬೇಕು ಎಂದು ತಾವು ಪ್ರಶ್ನಿಸಿದರೆ ಅದು ಸಹಜವೇ. ಆದರೆ ಈ ತರಬೇತಿಯ ಕೊನೆಯ ಪರೀಕ್ಷೆ ನಡೆಯುವುದು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಲ್ಲ, ತಮ್ಮ ಮನೆಯ ಬಾಣಂತಿಯ ಕೋಣೆಯಲ್ಲಿ. ಅಲ್ಲಿ ಪರೀಕ್ಷಕರು ತಾವೇ.

ತಮ್ಮ ಊರಿನ ಆಶಾ ಕಾರ್ಯಕರ್ತೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನವಜಾತ ಶಿಶುವನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಕಾರ್ಯಕ್ರಮವು ನಮ್ಮ ದೇಶದಲ್ಲಿ 2011ರಲ್ಲಿ ಜಾರಿಗೆ ಬಂದಿತು. ಅದಕ್ಕಾಗಿ ಆಕೆಗೆ ಐದೈದು ದಿನಗಳಂತೆ ನಾಲ್ಕು ಸುತ್ತಿನ ತರಬೇತಿಯನ್ನು ಗೊತ್ತುಪಡಿಸಲಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಕೆ ಬಾಣಂತಿಯ ಮನೆಗೆ ಬರಬೇಕು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲನೆಯ ದಿನವೂ ಬರಬೇಕು.

ತರಬೇತಿ ಮುಗಿದ ದಿನ ಸಾಮಾನ್ಯವಾಗಿ ಒಂದು ಕಾಗದವನ್ನು ಕೈಗಿತ್ತು, ತರಗತಿ ಹೇಗಿತ್ತು, ಊಟ ಹೇಗಿತ್ತು ಎಂದು ಕೇಳುವುದುಂಟು. ಎಲ್ಲರೂ ‘ಉತ್ತಮ’ ಎಂದೇ ಬರೆಯುತ್ತಾರೆ. ಇಷ್ಟು ಮಂದಿಗೆ ತರಬೇತಿ ನೀಡಲಾಯಿತು ಎಂಬ ವರದಿಯೂ ಸಿದ್ಧವಾಗುತ್ತದೆ. ಇದನ್ನೇ ಫಲವೆಂದು ಭಾವಿಸುವುದು, ನೇಜಿ ತಂದು ಅಂಗಳದಲ್ಲಿ ಇಟ್ಟು ಬೆಳೆ ಬಂತೆಂದು ಹೇಳಿದಂತೆಯೇ ಸರಿ.

1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು. ಇಂದಿಗೂ ಕಾರ್ಖಾನೆ, ಕಚೇರಿ, ಆಸ್ಪತ್ರೆಗಳಲ್ಲಿ ಅವೇ ಬಳಕೆಯಲ್ಲಿವೆ. ಅವನ್ನು ಯಕ್ಷಗಾನದ ಮಾತಿನಲ್ಲಿ ಹೇಳಿದರೆ ತಮಗೆ ಸುಲಭವಾದೀತು. ಬ್ರಹ್ಮಾವರದ ಬಳಿಯ ಹಾರಾಡಿ, ಮಟಪಾಡಿ ಊರುಗಳ ಹೆಸರಿನಲ್ಲಿಯೇ ಬಡಗುತಿಟ್ಟಿನ ಶೈಲಿಗಳು ಇರುವಾಗ ಬೇರೆ ಹೋಲಿಕೆ ಏಕೆ? ಹುಡುಗನಿಗೆ ಗುರುಗಳ ಪಾಠ ಹಿಡಿಸಿತೇ ಎಂಬುದು ಮೊದಲ ಮೆಟ್ಟಿಲು. ತಾಳ, ಹೆಜ್ಜೆ, ಮಾತು ಕಲಿತನೇ ಎಂಬುದು ಎರಡನೆಯದು. ವೇಷ ಕಟ್ಟಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ, ನಡುರಾತ್ರಿಯ ನಿದ್ದೆಗಣ್ಣಿನಲ್ಲಿಯೂ ರಂಗಸ್ಥಳದಲ್ಲಿ ಅದನ್ನು ಮಾಡಿದನೇ ಎಂಬುದು ಮೂರನೆಯದು. ಜನರು ಬೆಳಗಿನ ತನಕ ಎದ್ದು ಹೋಗದೆ ಕುಳಿತರೇ ಎಂಬುದು ನಾಲ್ಕನೆಯದು. ಮೊದಲಿನ ಎರಡನ್ನು ಗುರುಗಳೇ ನೋಡಿಕೊಳ್ಳಬಲ್ಲರು. ಉಳಿದ ಎರಡನ್ನು ಕಾಣುವುದು ರಂಗಸ್ಥಳದ ಮುಂದೆ ಕುಳಿತವರಿಗೆ ಮಾತ್ರ ಸಾಧ್ಯ.

ಕಲಿಕೆಗೂ ನಡತೆಗೂ ನಡುವಿನ ಅಂತರ ಎಷ್ಟು ದೊಡ್ಡದೆಂಬುದನ್ನು ಆಫ್ರಿಕಾ ಖಂಡದ ಟಾಂಜಾನಿಯಾ ದೇಶದ ಒಂದು ಗ್ರಾಮೀಣ ಆಸ್ಪತ್ರೆಯ ಅನುಭವವು ತೋರಿಸಿದೆ. ಹುಟ್ಟಿದೊಡನೆ ಅಳದ, ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಸುಕಿನಿಂದ ಉಸಿರು ಕೊಡುವ ವಿಧಾನವನ್ನು ಅಲ್ಲಿಯ ಸಿಬ್ಬಂದಿಗೆ ಒಂದು ದಿನ ಕಲಿಸಲಾಯಿತು. ತಿಂಗಳುಗಳ ನಂತರ ಗೊಂಬೆಯ ಮೇಲೆ ಪರೀಕ್ಷಿಸಿದಾಗ ಅವರು ಮೊದಲಿಗಿಂತ ಚೆನ್ನಾಗಿಯೇ ಮಾಡಿ ತೋರಿಸಿದರು. ಆದರೆ ಹೆರಿಗೆ ಕೋಣೆಯಲ್ಲಿ ನಿಜವಾದ ಕೂಸುಗಳಿಗೆ ಅವರು ಮಾಡುತ್ತಿದ್ದ ಆರೈಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಇದು 2013ರಲ್ಲಿ ಪ್ರಕಟವಾಯಿತು. ಅನಂತರ ಅದೇ ಆಸ್ಪತ್ರೆಯಲ್ಲಿ ಪ್ರತಿ ವಾರ ಮೂರರಿಂದ ಐದು ನಿಮಿಷ, ಕೆಲಸದ ಜಾಗದಲ್ಲಿಯೇ ಗೊಂಬೆಯ ಮೇಲೆ ಅಭ್ಯಾಸ ಮಾಡುವ ಕ್ರಮವನ್ನು ತಂದರು. ಹುಟ್ಟಿದ 24 ಗಂಟೆಗಳೊಳಗೆ ತೀರಿಕೊಳ್ಳುವ ಶಿಶುಗಳ ಸಂಖ್ಯೆ ಸಾವಿರಕ್ಕೆ 11ರಿಂದ 7ಕ್ಕೆ ಇಳಿಯಿತೆಂದು 2015ರ ವರದಿ ಹೇಳುತ್ತದೆ. ವಾರಕ್ಕೆ ಐದು ನಿಮಿಷ! ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು.

ನಮ್ಮ ಕರ್ನಾಟಕದಲ್ಲಿಯೂ ಇಂತಹ ಪ್ರಯೋಗ ನಡೆದಿದೆ. 2010ರಲ್ಲಿ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ಬಳಕೆಗೆ ತರಲಾಯಿತು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಹುಟ್ಟಿದ ಕೂಡಲೇ ಎದೆಹಾಲು ಕುಡಿಸುವುದು ಮೊದಲಾದ 29 ಕ್ರಮಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ಮೊದಲು ಪಾಲನೆಯಾಗುತ್ತಿದ್ದವು. ಆಮೇಲೆ 25 ಪಾಲನೆಯಾದವು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ತರಬೇತಿಗೆ ಮುಂಚೆಯೇ ಅಳತೆ ಮಾಡಿ ಇಟ್ಟುಕೊಂಡಿದ್ದರು. ಮೊದಲು ಎಷ್ಟಿತ್ತೆಂದು ತಿಳಿಯದೆ ಆಮೇಲೆ ಹೆಚ್ಚಿತೆಂದು ಹೇಳುವುದು ಬರಿಯ ಊಹೆ.

ಹಾಗೆಂದು ನಡತೆ ಸುಧಾರಿಸಿದೊಡನೆ ಸಾವು ಕಡಿಮೆಯಾಗಿಯೇ ಆಗುತ್ತದೆಂದು ಭರವಸೆ ಕೊಡಲಾರೆ. ಇದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಮೀರಿದ ತಾಯಂದಿರ ವಿಷಯದಲ್ಲಿ ಪರಿಶೀಲಿಸಿ, 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಾರ್ಗದರ್ಶಕರು ಬಂದು ಪಕ್ಕದಲ್ಲಿ ನಿಂತು ತಿದ್ದುತ್ತಿದ್ದಾಗ ನೂರರಲ್ಲಿ ಸುಮಾರು 73 ಕ್ರಮಗಳು ಪಾಲನೆಯಾದವು. ಮಾರ್ಗದರ್ಶನವಿಲ್ಲದ ಕೇಂದ್ರಗಳಲ್ಲಿ 42. ಮಾರ್ಗದರ್ಶಕರು ಬರುವುದು ನಿಂತ ಮೇಲೆ 73 ಇದ್ದುದು 62ಕ್ಕೆ ಇಳಿಯಿತು. ತಾಯಿ-ಶಿಶು ಮರಣದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇದರಿಂದ ತರಬೇತಿ ವ್ಯರ್ಥವೆಂದು ತೀರ್ಮಾನಿಸಲಾಗದು. ರಕ್ತ, ಔಷಧ, ವಾಹನ, ಮೇಲಿನ ಆಸ್ಪತ್ರೆ ಇವು ಯಾವುವೂ ಕೈಗೆಟುಕದಿದ್ದಾಗ ಕಲಿತ ಕೈಯೊಂದೇ ಎಲ್ಲವನ್ನೂ ಮಾಡಲಾರದು. ಇದರ ಮಗ್ಗುಲಿನ ಇನ್ನೊಂದು ಮಾತೂ ಇದೆ. ಕರ್ನಾಟಕದಲ್ಲಿ 108 ವಾಹನ ಬಂದದ್ದು 2008ರಲ್ಲಿ; ರಸ್ತೆ, ಸೇತುವೆಗಳೂ ಆದವು. ಶಿಶುಮರಣ ಇಳಿದರೆ ಅಷ್ಟೂ ಕೀರ್ತಿಯನ್ನು ನಮ್ಮ ತರಬೇತಿಯ ಖಾತೆಗೇ ಬರೆದುಕೊಳ್ಳುವುದು ನ್ಯಾಯವಲ್ಲ.

ಏನನ್ನು ಎಣಿಸುತ್ತೇವೆಯೋ ಅದೇ ಕೆಲಸವಾಗಿಬಿಡುತ್ತದೆ ಎಂಬುದು ಕುಟುಂಬ ಕಲ್ಯಾಣದವರಾದ ನಮಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಶಸ್ತ್ರಚಿಕಿತ್ಸೆಗಳ ಗುರಿಸಂಖ್ಯೆಯೇ ಕಾರ್ಯಕರ್ತರ ಯೋಗ್ಯತೆಯ ಅಳತೆಗೋಲಾಗಿತ್ತು. 1996ರ ಏಪ್ರಿಲ್‌ನಿಂದ ಆ ಗುರಿಗಳನ್ನು ದೇಶದಾದ್ಯಂತ ಕೈಬಿಡಲಾಯಿತು. ಈಗ ‘ಅಂತರಾ’ ಚುಚ್ಚುಮದ್ದನ್ನೇ ನೋಡಿ. ಮಕ್ಕಳ ನಡುವೆ ಅಂತರವಿಡಲು ಮೂರು ತಿಂಗಳಿಗೊಮ್ಮೆ ಕೊಡುವ ಮದ್ದು ಇದು. ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು, ಮದ್ದು ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು ಎಂದು ಮೊದಲೇ ತಿಳಿಸಿದ್ದರೆ ಹೆಂಗಸು ಹೆದರುವುದಿಲ್ಲ. ತಿಳಿಸದಿದ್ದರೆ ಎರಡನೆಯ ಬಾರಿಗೆ ಅವಳು ಬರುವುದೇ ಇಲ್ಲ. ಆದುದರಿಂದ ಸಲಹೆ ನೀಡುವ ತರಬೇತಿಯ ಬೆಲೆಯನ್ನು, ಮೊದಲ ಮದ್ದು ಪಡೆದವರ ಲೆಕ್ಕದಿಂದಲ್ಲ, ಎಲ್ಲ ವಿಧಾನಗಳನ್ನೂ ಕೇಳಿ ತಿಳಿದು, ತಾವಾಗಿ ಆರಿಸಿಕೊಂಡವರ ಲೆಕ್ಕದಿಂದ ಕಟ್ಟಬೇಕು. ಗಂಡನನ್ನೂ ಕೂರಿಸಿ ಮಾತನಾಡಿದರೇ ಎಂಬುದನ್ನೂ ಕೇಳಬೇಕು.

ಇನ್ನು ತಮ್ಮ ಪಾತ್ರದ ಮಾತು. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಮೊದಲು ಸೋಪಿನಿಂದ ಕೈ ತೊಳೆದಳೇ? ಕೂಸನ್ನು ತೂಗಿದಳೇ? ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈಬಿಸಿ ನೋಡಿದಳೇ? ಕೂಸು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರೆಣಿಸಿದಳೇ? ನಿಮಿಷಕ್ಕೆ 60 ಅಥವಾ ಅದಕ್ಕೂ ಮೇಲಾದರೆ ಅಪಾಯವೆಂದು ತಿಳಿಸಿದಳೇ? ಎದೆಹಾಲು ಕುಡಿಯುವುದನ್ನು ಕಣ್ಣಾರೆ ಕಂಡಳೇ? ಹೊಕ್ಕುಳಿಗೆ ಏನನ್ನೂ ಹಚ್ಚಬಾರದೆಂದು, ಮೀಯಿಸುವ ಅಜ್ಜಿಗೂ ಅರ್ಥವಾಗುವಂತೆ, ಮುನಿಸು ಬಾರದಂತೆ ಹೇಳಿದಳೇ? ಈ ಕೊನೆಯದು ಪುಸ್ತಕದಲ್ಲಿ ಒಂದು ಸಾಲು. ಮನೆಯಲ್ಲಿ ಅದೇ ಎಲ್ಲಕ್ಕಿಂತ ಕಠಿಣವಾದ ಕೆಲಸ.

ಮೇಲ್ವಿಚಾರಕರು ಬಂದು ಆಕೆಯ ಭೇಟಿಯ ಬಗ್ಗೆ ವಿಚಾರಿಸಿದಾಗ, ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ‘ಬಂದಿದ್ದರು, ಎಲ್ಲ ನೋಡಿದ್ದಾರೆ.’ ಪಾಪ, ನಮ್ಮೂರ ಹೆಣ್ಣುಮಗಳು, ಅವಳಿಗೇಕೆ ತೊಂದರೆ ಎಂಬ ಮರುಕ ಅದರ ಹಿಂದಿದೆ. ಈ ಮರುಕದಿಂದ ಆಕೆಗೆ ಉಪಕಾರವಾಗುವುದಿಲ್ಲ. ಆಕೆ ತೂಗದೆ ಹೋದದ್ದು ತಕ್ಕಡಿ ಕೆಟ್ಟದ್ದರಿಂದ ಇರಬಹುದು. ಮೂರನೆಯ ದಿನ ಬಾರದೆ ಇದ್ದದ್ದು ಆಷಾಢದ ಮಳೆಗೆ ಹೊಳೆ ತುಂಬಿದ್ದರಿಂದ ಇರಬಹುದು. ಉಸಿರೆಣಿಸದಿದ್ದದ್ದು ಮರೆತದ್ದರಿಂದ ಇರಬಹುದು. ಮೊದಲನೆಯದಕ್ಕೆ ಹೊಸ ತಕ್ಕಡಿ ಬೇಕು, ಎರಡನೆಯದಕ್ಕೆ ಬೇರೆ ವ್ಯವಸ್ಥೆ ಬೇಕು, ಮೂರನೆಯದಕ್ಕೆ ಮಾತ್ರ ಮರುತರಬೇತಿ ಬೇಕು. ತಾವು ‘ಎಲ್ಲ ಸರಿ’ ಎಂದುಬಿಟ್ಟರೆ ಮೂರೂ ಕಾಗದದ ಮೇಲೆ ಸರಿಯಾಗಿಯೇ ಉಳಿಯುತ್ತವೆ. ನಡೆದದ್ದನ್ನು ನಡೆದಂತೆಯೇ ಹೇಳಿರಿ. ದೂರಿನ ದನಿಯಲ್ಲಿ ಹೇಳಬೇಕೆಂದೇನೂ ಇಲ್ಲ.

ನಮ್ಮ ಸೀಮೆಯಲ್ಲಿ ಈ ಲೆಕ್ಕವನ್ನು ತಪ್ಪಿಸುವ ಇನ್ನೊಂದು ಕಾರಣವುಂಟು. ಚೊಚ್ಚಲ ಬಾಣಂತನ ತಾಯಿಮನೆಯಲ್ಲಿ. ಬೈಂದೂರಿನ ಗಂಡನ ಮನೆಯಲ್ಲಿ ಹೆಸರು ಬರೆಸಿಕೊಂಡ ಗರ್ಭಿಣಿ, ಹೆರಿಗೆಯ ಹೊತ್ತಿಗೆ ಬ್ರಹ್ಮಾವರದ ತಾಯಿಮನೆಯಲ್ಲಿರುತ್ತಾಳೆ. ಇಲ್ಲಿಯ ಆಶಾಳಿಗೆ ಬಾಣಂತಿ ಸಿಗುವುದಿಲ್ಲ, ಅಲ್ಲಿಯ ಆಶಾಳಿಗೆ ಬಾಣಂತಿ ಬಂದಿರುವುದೇ ತಿಳಿದಿರುವುದಿಲ್ಲ. ಇಬ್ಬರೂ ತರಬೇತಿ ಪಡೆದವರೇ, ಆದರೂ ಕೂಸನ್ನು ನೋಡಿದವರು ಯಾರೂ ಇಲ್ಲ. ಆದಕಾರಣ ತಾಯಿಮನೆಗೆ ಹೊರಡುವ ಮುನ್ನ ಗಂಡನಾದವನು ಉಪಕೇಂದ್ರಕ್ಕೆ ಹೋಗಿ, ಆ ಊರಿನ ಹೆಸರು ಮತ್ತು ಮನೆಯವರ ಫೋನ್ ಸಂಖ್ಯೆಯನ್ನು ತಾಯಿ ಕಾರ್ಡಿನಲ್ಲಿ ಬರೆಸಿ ಬರಲಿ. ಹೆರಿಗೆಯಾದ ದಿನವೇ ಅಲ್ಲಿಯ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಲಿ. ಕೂಸು ಮೊಲೆ ಹಿಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರಾಡುವಾಗ ಎದೆ ಒಳಕ್ಕೆ ಸೆಳೆದುಕೊಂಡರೆ, ಆಕೆ ಬರುವ ದಿನಕ್ಕಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆತರತಕ್ಕದ್ದು.