ಕಾಲಕ್ಕೆ ಹೊಸ ಬೆಂಕಿ

ನಮಗೆ ವರ್ಷವೆಂದರೆ ಮುಂದೆ ಹೋಗುವ ಸಂಖ್ಯೆ. 2024 ಮುಗಿದರೆ 2025, ಅದಕ್ಕೆ ಕೊನೆಯಿಲ್ಲ. ಮೆಕ್ಸಿಕೋದ ಆಜ್‌ಟೆಕರಿಗೆ ಕಾಲಕ್ಕೆ ಆ ಭರವಸೆ ಇರಲಿಲ್ಲ.

ಅವರಲ್ಲಿ ಎರಡು ಎಣಿಕೆಗಳು ಜೊತೆಯಾಗಿ ನಡೆಯುತ್ತಿದ್ದವು. ಒಂದು 365 ದಿನಗಳದ್ದು: ಇಪ್ಪತ್ತಿಪ್ಪತ್ತು ದಿನಗಳ 18 ತಿಂಗಳು, ಮಿಕ್ಕ 5 ದಿನ ಅಶುಭ. ಇನ್ನೊಂದು 260 ದಿನಗಳದ್ದು. ಮೊಸಳೆ, ಗಾಳಿ, ಮನೆ, ಜಿಂಕೆ, ಮಳೆ ಮುಂತಾದ 20 ಚಿಹ್ನೆಗಳು 1ರಿಂದ 13ರವರೆಗಿನ ಅಂಕಿಗಳ ಜೊತೆ ಸರದಿಯಂತೆ ಕೂಡುತ್ತಿದ್ದವು. ಮಗುವಿನ ಭವಿಷ್ಯ ಹೇಳಲು ಪುರೋಹಿತರು ನೋಡುತ್ತಿದ್ದುದು ಇದನ್ನೇ. ನಮ್ಮ ಪಂಚಾಂಗದವರಿಗೆ ಇದು ಅಪರಿಚಿತವೆನಿಸದು.

ಈ ಎರಡೂ ಚಕ್ರಗಳು ಮತ್ತೆ ಒಂದೇ ಜಾಗದಲ್ಲಿ ಸೇರುವುದು 52 ವರ್ಷಕ್ಕೊಮ್ಮೆ. ಆ ರಾತ್ರಿ ಊರಿಗೆ ಊರೇ ಒಲೆ ಆರಿಸಿ, ಹಳೆಯ ಪಾತ್ರೆಗಳನ್ನು ಒಡೆದು ಕಾಯುತ್ತಿತ್ತು. ಬೆಟ್ಟದ ಮೇಲೆ ಪುರೋಹಿತರ ಕಣ್ಣು ಕೃತ್ತಿಕಾ ನಕ್ಷತ್ರಪುಂಜದ ಮೇಲೆ. ಅದು ನಡುನೆತ್ತಿ ದಾಟಿದರೆ ಲೋಕ ಉಳಿದಂತೆ. ಆಗ ಬಲಿಯಾದ ಮನುಷ್ಯನ ಎದೆಯ ಮೇಲೆ ಹೊಸ ಬೆಂಕಿ ಕಡೆದು, ಪಂಜುಗಳಲ್ಲಿ ಊರೂರಿಗೆ ಒಯ್ಯುತ್ತಿದ್ದರು. ಆ ಕ್ರೌರ್ಯವನ್ನು ಮರೆಮಾಚಿ ಅವರ ಗಣಿತವನ್ನಷ್ಟೇ ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಯ ಬಾರಿ ಈ ಆಚರಣೆ ನಡೆದದ್ದು 1507ರಲ್ಲಿ. ಮುಂದಿನ ಸರದಿ 1559ಕ್ಕೆ; ಅಷ್ಟರಲ್ಲಿ, 1521ರಲ್ಲೇ, ಅವರ ರಾಜಧಾನಿ ಸ್ಪೇನಿನವರ ಕೈಸೇರಿತ್ತು. ತಮಾಷೆಯೆಂದರೆ, ಗೆದ್ದವರು ತಂದ ಜೂಲಿಯನ್ ಕ್ಯಾಲೆಂಡರೇ ಸೂರ್ಯನ ಲೆಕ್ಕ ತಪ್ಪಿ ಕುಳಿತಿತ್ತು. 1582ರಲ್ಲಿ ಪೋಪ್ ಹದಿಮೂರನೇ ಗ್ರೆಗರಿ ಅದನ್ನು ತಿದ್ದಿಸಿದಾಗ ಹತ್ತು ದಿನಗಳನ್ನೇ ಕೈಬಿಡಬೇಕಾಯಿತು: ಅಕ್ಟೋಬರ್ 4ರ ಮರುದಿನ 15.