ತನಗೂ ಒಂದು ತುತ್ತು

ಹಳೆಯ ವಿದ್ಯಾರ್ಥಿಗಳ ಪರವಾಗಿ ನಾಲ್ಕು ಮಾತಾಡು ಎಂದಿದ್ದಾರೆ ಮೇಷ್ಟ್ರು. ಕಂಪ್ಯೂಟರ್ ವಿಷಯ ಬಿಟ್ಟು ಊಟದ ವಿಷಯ ಮಾತಾಡುತ್ತೇನೆ.

ಸುಳ್ಳು ಹೇಳಬಾರದು, ಕದಿಯಬಾರದು, ಹಸಿದವರಿಗೆ ಅನ್ನ ಇಕ್ಕಬೇಕು ಎಂದು ಈ ಶಾಲೆಯಲ್ಲೇ ಕಲಿತೆವು. ಇವೆಲ್ಲ ಬೇರೆಯವರ ಜೊತೆ ನಡೆದುಕೊಳ್ಳುವ ನೀತಿ. ನಮ್ಮನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದೂ ನೀತಿಯ ಲೆಕ್ಕಕ್ಕೆ ಬರುತ್ತದೆಯೇ? ಬರುತ್ತದೆ ಎಂದು ನನ್ನ ಅಭಿಪ್ರಾಯ.

ಯಾವುದೋ ಮನೆಯಲ್ಲಿ ಸೊಸೆಗೆ ಅರೆಹೊಟ್ಟೆ ಊಟ ಹಾಕುತ್ತಾರೆಂದು ತಿಳಿದರೆ ಊರೇ ಛೀ ಎನ್ನುತ್ತದೆ. ಅದೇ ಸೊಸೆ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದಷ್ಟನ್ನೇ ಉಂಡು, ಸುಸ್ತು ಹೇಳಿಕೊಳ್ಳದೆ ದುಡಿದರೆ ಹೊಗಳುತ್ತೇವೆ. ಹಸಿವು ಎರಡು ಕಡೆಯೂ ಒಂದೇ ಅಲ್ಲವೇ? ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲೇ ಬರೆದಿದ್ದ: ಯಾವ ಮನುಷ್ಯರನ್ನೂ ಬರೀ ಸಾಧನವಾಗಿ ಬಳಸಬಾರದು, ಆ ಮನುಷ್ಯರಲ್ಲಿ ನಾವೂ ಸೇರಿದ್ದೇವೆ ಎಂಬ ಅರ್ಥದಲ್ಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಮುಟ್ಟು, ಹೆರಿಗೆ, ಜಂತುಹುಳು ಎಂದು ಕಾರಣಗಳು ಹಲವು. ಊಟದ ಕೊರತೆಯೂ ಅವುಗಳಲ್ಲಿ ಒಂದು. ಹಿಮೋಗ್ಲೋಬಿನ್ ಕಡಿಮೆಯಾದರೆ ಮೈಗೆ ಸಾಕಷ್ಟು ಆಮ್ಲಜನಕ ಸಿಗದು. ನಾಲ್ಕು ಹೆಜ್ಜೆಗೇ ಏದುಸಿರು, ಪಾಠದಲ್ಲಿ ಮನಸ್ಸು ನಿಲ್ಲದು.

ತ್ಯಾಗ ದೊಡ್ಡದಲ್ಲವೇ ಎಂದು ಕೇಳಬಹುದು. ದೊಡ್ಡದೇ. ಬರಗಾಲದಲ್ಲಿ ಮಕ್ಕಳಿಗೆ ಉಣಿಸಿ ತಾವು ಉಪವಾಸವಿದ್ದ ಅಜ್ಜಿಯರಿಗೆ ಕೈಮುಗಿಯುತ್ತೇನೆ. ಆದರೆ ಮನೆಯಲ್ಲಿ ರಾಗಿ, ಕಾಳು, ಸೊಪ್ಪು ಇರುವಾಗಲೂ ತನ್ನ ಪಾಲು ಬಿಡುವುದು ತ್ಯಾಗವಲ್ಲ, ಬರೀ ರೂಢಿ. ಅದನ್ನು ನೋಡಿ ಬೆಳೆದ ಮಗಳು ತನ್ನ ಪಾಲು ಕೊನೆಯದು ಎಂದು ಕಲಿಯುತ್ತಾಳೆ. ಮಗ ಅದು ಸರಿಯೆಂದೇ ಕಲಿಯುತ್ತಾನೆ.

ಹಾಗೆಂದು ತಪ್ಪನ್ನು ತಾಯಂದಿರ ಮೇಲೆ ಹಾಕುತ್ತಿಲ್ಲ. ಉಂಡು ಕೈತೊಳೆಯುವ ಮೊದಲು ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು ಗಂಡಸರ ಕೆಲಸ. ಎಲ್ಲರೂ ಒಟ್ಟಿಗೆ ಕೂತು ಉಂಡರೆ ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳೇ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಿ, ಕಿಟಕಿಯಾಚೆ ಎಸೆಯಬೇಡಿ. ಊಟದ ಜೊತೆ ಟೀ ಬೇಡ. ನಿಂಬೆಹುಳಿ ಇರಲಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ.

ಇನ್ನು ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಊಟ. ಮೊದಲ ಪಂಕ್ತಿಯಲ್ಲಿ ಅಡುಗೆ ಮಾಡಿದ ತಾಯಂದಿರು ಕೂರಲಿ. ಬಡಿಸಲು ನಾವು ಹಳೆಯ ವಿದ್ಯಾರ್ಥಿಗಳಿದ್ದೇವೆ.