ಲೆಕ್ಕಪರಿಶೋಧಕನೊಬ್ಬ ಇಂಟರಪ್ಟ್ ಡ್ರೈವರ್ ಬರೆದ ಕಥೆ



ತಾಂತ್ರಿಕ ಗೋಷ್ಠಿಯ ಮುಖ್ಯ ಭಾಷಣಕ್ಕೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗಿಂತ ಚೆನ್ನಾಗಿ ಪ್ರೋಗ್ರಾಂ ಬರೆಯುವವರು ಈ ಸಭೆಯಲ್ಲಿ ಬೇಕಾದಷ್ಟು ಜನ ಇದ್ದೀರಿ. ನಾನು ಹೇಳಲು ಬಂದಿರುವುದು ನಾನು ಬರೆದ ಒಂದು ತಪ್ಪು ವರದಿಯ ಬಗ್ಗೆ, ಮತ್ತು ಅದರ ದೆಸೆಯಿಂದ ನಲವತ್ತು ದಾಟಿದ ಮೇಲೆ ಕಲಿತ ಒಂದು ಸಣ್ಣ ವಿದ್ಯೆಯ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಾನು ಇದೇ ದುಬೈನ ಒಂದು ಸಂಸ್ಥೆಯಲ್ಲಿ ಆಂತರಿಕ ಲೆಕ್ಕಪರಿಶೋಧನೆ ನೋಡಿಕೊಳ್ಳುತ್ತಿದ್ದೆ. ಸಂಸ್ಥೆಯ ಹೆಸರು ಬೇಡ. ತಿಂಗಳ ಕೊನೆಗೆ ಸಂಬಳದ ಫೈಲು ರಾತ್ರಿಯೇ ತಯಾರಾಗಿ ಬೆಳಗ್ಗೆ ಬ್ಯಾಂಕಿಗೆ ಹೋಗಬೇಕು. ಸತತ ಮೂರು ತಿಂಗಳು ಅದು ತಡವಾಯಿತು. ಸಂಬಳ ಎರಡು ದಿನ ತಡವಾದರೆ ಊರಿಗೆ ಕಳಿಸುವ ದುಡ್ಡು, ಮನೆ ಬಾಡಿಗೆಯ ಚೆಕ್ಕು ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಸರ್ವರಿನಲ್ಲಿ 8 ಕೋರ್‌ಗಳು. ಆ ರಾತ್ರಿಗಳಲ್ಲಿ ಪ್ರೊಸೆಸರ್ ಬಳಕೆ ಸರಾಸರಿ ಶೇಕಡ 14 ಎಂದು ನನಗೆ ಕೊಟ್ಟ ಹಾಳೆ ಹೇಳುತ್ತಿತ್ತು. ಯಂತ್ರಕ್ಕೆ ಬೇಕಾದಷ್ಟು ಬಿಡುವಿದೆ ಎಂದರೆ ತಪ್ಪು ಮನುಷ್ಯನದೇ ಇರಬೇಕು. ರಾತ್ರಿ ಪಾಳಿಯಲ್ಲಿದ್ದದ್ದು ಒಬ್ಬನೇ ಆಪರೇಟರ್, ಇನ್ನೂ ಮೂವತ್ತು ತುಂಬದ ಹುಡುಗ. 'ವಿಳಂಬಕ್ಕೆ ಆಪರೇಟರನ ನಿರ್ಲಕ್ಷ್ಯವೇ ಕಾರಣ' ಎಂದು ವರದಿಯ ಕರಡಿನಲ್ಲಿ ಬರೆದೆ. ಇಲ್ಲಿ ಅಂಥ ಒಂದು ವಾಕ್ಯದ ಬೆಲೆ ಏನು? ಕೆಲಸ ಹೋದರೆ ವೀಸಾ ಹೋಗುತ್ತದೆ.

ಸಹಿ ಹಾಕುವ ಮುಂಚಿನ ದಿನ ನಮ್ಮ ಸಿಸ್ಟಮ್ಸ್ ವಿಭಾಗದ ಹಿರಿಯ ಇಂಜಿನಿಯರ್ ಮೇಡಂ ಕರೆದರು. ಮೈಸೂರಿನ ಕಡೆಯವರು. "ಸರ್, ಇದನ್ನೊಮ್ಮೆ ನೋಡಿ ಆಮೇಲೆ ಸಹಿ ಹಾಕಿ" ಎಂದು ಲಿನಕ್ಸಿನ 'ಪ್ರೊಕ್ ಇಂಟರಪ್ಟ್ಸ್' ಎಂಬ ಫೈಲನ್ನು ತೆರೆದು ತೋರಿಸಿದರು. ಪ್ರತಿ ಕೋರ್‌ಗೆ ಒಂದು ಕಾಲಂ, ಪ್ರತಿ ಇಂಟರಪ್ಟ್‌ಗೆ ಒಂದು ಸಾಲು. ನನ್ನ ಕಣ್ಣಿಗೆ ಅದು ಟ್ರಯಲ್ ಬ್ಯಾಲೆನ್ಸಿನಂತೆ ಕಂಡಿತು. ನೆಟ್‌ವರ್ಕ್ ಕಾರ್ಡಿನ ಸಾಲುಗಳಲ್ಲಿ ಮೊದಲ ಕಾಲಂನಲ್ಲಿ ಕೋಟಿಗಟ್ಟಲೆ ಅಂಕಿ, ಉಳಿದ ಏಳರಲ್ಲಿ ಬರೀ ಸೊನ್ನೆ. ಕಾರ್ಡಿನ ಪ್ರತಿಯೊಂದು ಕರೆಯೂ ಒಂದೇ ಕೋರ್‌ನ ತಲೆಯ ಮೇಲೆ ಬೀಳುತ್ತಿತ್ತು. ಅದು ಶೇಕಡ 100 ದುಡಿಯುತ್ತಿತ್ತು, ಉಳಿದವು ಹೆಚ್ಚುಕಡಿಮೆ ಖಾಲಿ. ನೂರನ್ನು ಎಂಟರಿಂದ ಭಾಗಿಸಿ ನೋಡಿ, ನನ್ನ 14ರ ಗುಟ್ಟು ತಿಳಿಯುತ್ತದೆ. ಕರೆಗಳನ್ನು ಕೋರ್‌ಗಳಿಗೆ ಹಂಚುವ ಪ್ರೋಗ್ರಾಂ ಒಂದು ಮೇಂಟೆನೆನ್ಸ್ ಆದಮೇಲೆ ಮತ್ತೆ ಶುರುವಾಗಿರಲೇ ಇಲ್ಲ. ಅದನ್ನು ಶುರು ಮಾಡಿದರು. ಮುಂದಿನ ತಿಂಗಳು ಫೈಲು ಸಮಯಕ್ಕೆ ಸರಿಯಾಗಿ ಹೋಯಿತು. ನಾನು ಕರಡನ್ನು ಹರಿದು ಹೊಸದಾಗಿ ಬರೆದೆ.

ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏನು ಎಂದೇ ತಿಳಿಯದ ವಸ್ತುವಿನ ಬಗ್ಗೆ ಒಬ್ಬನ ಅನ್ನಕ್ಕೆ ಕಲ್ಲು ಹಾಕುವ ಮಾತು ಬರೆದಿದ್ದೆನಲ್ಲ. ಹಾಗಾಗಿ ಕಲಿಯಲು ಕೂತೆ. ಎಂಐಟಿಯವರು ಪಾಠಕ್ಕೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ನನ್ನದೇ ಒಂದು ಸಣ್ಣ ಕರ್ನಲ್ ಬರೆಯತೊಡಗಿದೆ. ಗುರಿ ಒಂದೇ: ಪ್ರತಿ ಕೋರ್‌ನ ಇಂಟರಪ್ಟ್ ಕಂಟ್ರೋಲರಿಗೆ ನಾನೇ ಡ್ರೈವರ್ ಬರೆಯಬೇಕು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಪಿಸಿಗಳಲ್ಲಿ 8259 ಎಂಬ ಎರಡು ಚಿಪ್‌ಗಳನ್ನು ಜೋಡಿಸಿ 15 ಸಾಧನಗಳ ಕರೆಗಳನ್ನು ಒಂದು ಪ್ರೊಸೆಸರಿಗೆ ಮುಟ್ಟಿಸುತ್ತಿದ್ದರು. ಪ್ರೊಸೆಸರುಗಳು ಹಲವಾದಾಗ ಯಾವ ಕರೆ ಯಾರಿಗೆ ಎಂಬ ಪ್ರಶ್ನೆ ಬಂತು. 1994ರ ಹೊತ್ತಿಗೆ ಇಂಟೆಲ್ ತನ್ನ ಪೆಂಟಿಯಂ ಚಿಪ್ಪಿನೊಳಗೇ 'ಲೋಕಲ್ ಎಪಿಕ್' ಎಂಬ ಕಂಟ್ರೋಲರನ್ನು ಸೇರಿಸಿತು. ಈಗ ಪ್ರತಿ ಕೋರ್‌ಗೂ ಅಂಥದ್ದೊಂದು ಇದೆ. ಆ ಕೋರ್‌ನ ಟೈಮರ್, ಬೇರೆ ಕೋರ್‌ಗಳು ಕಳಿಸುವ ಸಂದೇಶ, ಸಾಧನಗಳ ಕರೆ, ಎಲ್ಲವೂ ಅದರ ಮೂಲಕವೇ ಒಳಬರಬೇಕು. ಡ್ರೈವರಿನ ಕೆಲಸ ಕೇಳಲು ಸುಲಭ: ಅದನ್ನು ಆನ್ ಮಾಡು, ಟೈಮರ್ ಹೊಂದಿಸು, ಪ್ರತಿ ಇಂಟರಪ್ಟ್ ಆದಮೇಲೆ 'ಮುಗಿಯಿತು' ಎಂದು ತಿಳಿಸು. ಈ ಮೂರರಲ್ಲೂ ನಾನು ತಪ್ಪು ಮಾಡಿದೆ.

ಮೊದಲನೆಯದು. ಲೋಕಲ್ ಎಪಿಕ್‌ನ ರಿಜಿಸ್ಟರುಗಳು ಸಾಮಾನ್ಯವಾಗಿ ಸಿಗುವುದು ಒಂದೇ ಭೌತಿಕ ವಿಳಾಸದಲ್ಲಿ, ಹೆಕ್ಸಿನಲ್ಲಿ ಎಫ್‌ಇಇ00000. ವಿಳಾಸ ಒಂದೇ ಆದ್ದರಿಂದ ವಸ್ತುವೂ ಒಂದೇ ಎಂದುಕೊಂಡು ಮೊದಲ ಕೋರ್‌ನಿಂದ ಒಮ್ಮೆ ಮಾತ್ರ ಆನ್ ಮಾಡಿದೆ. ಒಂದು ಕೋರ್ ಇದ್ದಾಗ ಎಲ್ಲ ಸರಿ. ನಾಲ್ಕು ಕೊಟ್ಟಾಗ ಮೊದಲನೆಯದಕ್ಕೆ ಮಾತ್ರ ಟೈಮರಿನ ಟಿಕ್ ಬರುತ್ತಿತ್ತು. ಆ ವಿಳಾಸವನ್ನು ಯಾವ ಕೋರ್ ಓದುತ್ತದೋ ಅದಕ್ಕೆ ಕಾಣುವುದು ಅದರದೇ ಎಪಿಕ್. ಎಲ್ಲ ಶಾಖೆಯ ಪುಸ್ತಕದಲ್ಲೂ ಒಂದನೇ ಪುಟವೇ ನಗದು ಖಾತೆ. ಹಾಗೆಂದು ಹೆಡ್ ಆಫೀಸಿನಲ್ಲಿ ಬರೆದ ಆರಂಭಿಕ ಶಿಲ್ಕು ಶಾಖೆಯ ಪುಸ್ತಕದಲ್ಲಿ ಮೂಡುವುದಿಲ್ಲವಲ್ಲ! ಪ್ರತಿ ಕೋರ್ ಎಚ್ಚರವಾದ ಕೂಡಲೇ ಅದೇ ಫಂಕ್ಷನ್ನನ್ನು ತಾನೇ ನಡೆಸಬೇಕು.

ಎರಡನೆಯದು ನನ್ನ ಎರಡು ವಾರ ತಿಂದಿತು. ಇಂಟರಪ್ಟ್ ಮುಗಿದ ಮೇಲೆ 'ಎಂಡ್ ಆಫ್ ಇಂಟರಪ್ಟ್' ಎಂಬ ರಿಜಿಸ್ಟರಿಗೆ ಸೊನ್ನೆ ಬರೆಯಬೇಕು. ಬರೆಯುವ ತನಕ ಅದೇ ಅಥವಾ ಅದಕ್ಕಿಂತ ಕಡಿಮೆ ಆದ್ಯತೆಯ ಯಾವ ಕರೆಯನ್ನೂ ಎಪಿಕ್ ಒಳಬಿಡುವುದಿಲ್ಲ. ನಾನು ಆ ಸಾಲನ್ನು ಟೈಮರ್ ಹ್ಯಾಂಡ್ಲರಿನ ಕಟ್ಟಕಡೆಗೆ ಇಟ್ಟಿದ್ದೆ. ಆದರೆ ನಡುವೆಯೇ ಹ್ಯಾಂಡ್ಲರ್ ಶೆಡ್ಯೂಲರನ್ನು ಕರೆದು ಬೇರೆ ಪ್ರೋಸೆಸ್‌ಗೆ ಹಾರುತ್ತಿತ್ತು. ಅದು ಮೊದಲೇ ಓಡಿ ನಡುವೆ ನಿಂತಿದ್ದ ಪ್ರೋಸೆಸ್ ಆದರೆ ತೊಂದರೆಯಿಲ್ಲ, ಅದು ತನ್ನ ಹ್ಯಾಂಡ್ಲರಿನ ಬಾಕಿ ಸಾಲುಗಳನ್ನು ಮುಗಿಸುವಾಗ ಸೊನ್ನೆ ಬರೆಯುತ್ತಿತ್ತು. ಮೊದಲ ಬಾರಿ ಓಡುವ ಹೊಸ ಪ್ರೋಸೆಸ್ ಆದರೆ ಆ ಸಾಲಿನ ದಾರಿಗೇ ಬರುವುದಿಲ್ಲ. ಟೈಮರಿನ ಮುಂದಿನ ಕರೆ ಬಾಗಿಲಲ್ಲೇ ನಿಲ್ಲುತ್ತದೆ, ಕೋರ್ ಆ ಒಂದೇ ಪ್ರೋಸೆಸಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕೆಲವೊಮ್ಮೆ ಓಡುತ್ತಿತ್ತು, ಕೆಲವೊಮ್ಮೆ ನಿಲ್ಲುತ್ತಿತ್ತು. ಪರಿಹಾರ ಒಂದು ಸಾಲನ್ನು ಮೇಲಕ್ಕೆ ಸರಿಸುವುದು: ಶೆಡ್ಯೂಲರನ್ನು ಕರೆಯುವ ಮೊದಲೇ 'ಮುಗಿಯಿತು' ಎಂದು ತಿಳಿಸುವುದು. ಎಕ್ಸ್‌ವಿ6ನಲ್ಲಿ ಇರುವುದೂ ಹಾಗೆಯೇ. ಓದಿದ್ದೆ, ಯಾಕೆಂದು ಯೋಚಿಸಿರಲಿಲ್ಲ.

ಮೂರನೆಯದು ನನ್ನ ವೃತ್ತಿಗೆ ನಾಚಿಕೆ ತರುವಂಥದ್ದು. ನಾಲ್ಕು ಕೋರ್‌ಗಳ ಟೈಮರುಗಳೂ ಒಂದೇ ಗಡಿಯಾರದ ಎಣಿಕೆಗೆ ಒಂದೊಂದು ಕೂಡಿಸುತ್ತಿದ್ದವು. ಒಂದು ನಿಮಿಷ ಕಳೆದರೆ ನನ್ನ ಕರ್ನಲಿನಲ್ಲಿ ಹೆಚ್ಚುಕಡಿಮೆ ನಾಲ್ಕು ನಿಮಿಷ. ಒಂದೇ ರಸೀದಿಯನ್ನು ನಾಲ್ಕು ಕಡೆ ಜಮಾ ಮಾಡಿದಂತೆ. ಕೆಲಸ ಹಂಚಿಕೊಳ್ಳಲು ಪ್ರತಿ ಕೋರ್‌ಗೂ ತನ್ನ ಟೈಮರ್ ಬೇಕು, ಆದರೆ ಗಡಿಯಾರದ ಲೆಕ್ಕ ಮೊದಲ ಕೋರ್ ಒಂದೇ ಬರೆಯಬೇಕು.

ಆ ಡ್ರೈವರ್ ಇನ್ನೂರು ಸಾಲು ದಾಟುವುದಿಲ್ಲ, ಜಗತ್ತಿನಲ್ಲಿ ಯಾರಿಗೂ ಅದರ ಅಗತ್ಯವಿಲ್ಲ. ನನಗಿತ್ತು. ಮೊದಲ ತಪ್ಪಿನಲ್ಲಿ ಟಿಕ್ ಇಲ್ಲದೆ ಕೂತಿದ್ದ ಆ ಮೂರು ಕೋರ್‌ಗಳು ಹೊರಗಿನಿಂದ ನೋಡಿದರೆ ಸೋಮಾರಿಗಳಂತೆ ಕಂಡವು. ಅವಕ್ಕೆ ಕರೆ ತಲುಪುವ ವ್ಯವಸ್ಥೆಯನ್ನೇ ನಾನು ಮಾಡಿರಲಿಲ್ಲ.

ಇಲ್ಲಿರುವ ಇಂಜಿನಿಯರುಗಳಲ್ಲಿ ಒಂದು ವಿನಂತಿ. ನಮ್ಮಂಥ ಲೆಕ್ಕದವರು ಬಂದಾಗ ಸರಾಸರಿಯ ಹಾಳೆ ಕೊಟ್ಟು ಕಳಿಸಬೇಡಿ. ಕಾಲಂ ಕಾಲಂ ಆಗಿ ತೋರಿಸಿ. ಅದನ್ನು ಓದುವ ಅಭ್ಯಾಸ ನಮಗಿದೆ. ನನ್ನ ವೃತ್ತಿಬಾಂಧವರಿಗೂ ಒಂದು ಮಾತು: 'ನಿರ್ಲಕ್ಷ್ಯ' ಎಂಬ ಪದ ಬರೆಯುವ ಮೊದಲು ಆ ಕಾಲಂಗಳನ್ನು ಕೇಳಿ ಪಡೆಯಿರಿ.

ಆ ಹುಡುಗ ಇಂದಿಗೂ ಈ ಊರಿನಲ್ಲೇ ಕೆಲಸದಲ್ಲಿದ್ದಾನೆ. ಕರಡಿನ ಆ ವಾಕ್ಯದ ವಿಷಯ ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ಮಾತಾಡಲು ಒಪ್ಪಿದ ಮೇಲೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಸರ್, ಸಹಿ ಹಾಕಲಿಲ್ಲವಲ್ಲ" ಎಂದ.